ಹೌದದ ಸುತ್ತಣ ಪುಣೆ

ಪೇಶ್ವೆಯವರ ಆಡಳಿತದಲ್ಲಿ ಬರೆಯಲ್ಪಟ್ಟು, ಆಂಗ್ಲರ ಕೈಸೇರಿ, ಇಂದಿಗೂ ಪುಣೆಯ ದಫ್ತರಖಾನೆಯಲ್ಲಿ ಕಟ್ಟುಕಟ್ಟಾಗಿ ಉಳಿದಿರುವ ಮೋಡಿಲಿಪಿಯ ಕಾಗದಗಳ ರಾಶಿಯನ್ನು ನೆನೆದಾಗ, ಎಣಿಕೆಯ ವಿಷಯದಲ್ಲಿ ಈ ನಗರದಷ್ಟು ಶ್ರದ್ಧೆಯುಳ್ಳ ನಗರ ದಕ್ಷಿಣಾಪಥದಲ್ಲಿ ಮತ್ತೊಂದು ಇದ್ದಿತೇ ಎಂಬ ಸಂದೇಹ ಹುಟ್ಟದಿರದು. ದಂಡಿನ ಸಂಬಳ, ಆನೆ ಕುದುರೆಗಳ ಮೇವು, ಶ್ರಾವಣಮಾಸದ ದಕ್ಷಿಣೆ, ದೇವಸ್ಥಾನಗಳ ದೀಪದೆಣ್ಣೆ, ಸುಂಕ, ದಂಡ, ಸಾಲ ಎಲ್ಲವೂ ಅಲ್ಲಿ ಬರಹಕ್ಕಿಳಿದಿವೆ. ಗೋವಿಂದ ಸಖಾರಾಮ ಸರದೇಸಾಯಿಯವರು 1930ರ ದಶಕದ ಮೊದಲ ವರ್ಷಗಳಲ್ಲಿ ಈ ರಾಶಿಯಿಂದ ಆಯ್ದು 45 ಸಂಪುಟಗಳನ್ನು ಪ್ರಕಟಿಸಿದರೂ ರಾಶಿ ಕರಗಿದಂತೆ ಕಾಣಲಿಲ್ಲ. ಆದರೆ ಬುಧವಾರ ಪೇಠದ ಗೃಹಿಣಿಯೊಬ್ಬಳು ತನ್ನ ನೆರೆಯವಳನ್ನು ದಿನಕ್ಕೆ ಎಷ್ಟು ಸಾರಿ, ಯಾವ ಸ್ಥಳದಲ್ಲಿ ಕಂಡು, ಯಾರ ಮನೆಯ ಸುಖದುಃಖಗಳನ್ನು ವಿಚಾರಿಸಿಕೊಂಡಳೆಂಬುದಕ್ಕೂ ಒಂದು ಬಾಬು ತೆರೆಯಬೇಕೆಂದು ಆ ಕಾಲದ ಯಾವ ಕಾರಕೂನನಿಗೂ ತೋರಿರಲಾರದು.

ನಮ್ಮ ಕಾಲದ ಸಮಾಜಶಾಸ್ತ್ರಜ್ಞರಿಗೆ ಆ ಬಾಬು ಬೇಕಾಗಿದೆ. ಅಮೆರಿಕದ ರೇ ಓಲ್ಡನ್‌ಬರ್ಗ್ ಎಂಬ ಪಂಡಿತರು 1989ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ವಾಸದ ಮನೆ ಮೊದಲನೆಯ ಸ್ಥಾನ, ದುಡಿಮೆಯ ಎಡೆ ಎರಡನೆಯ ಸ್ಥಾನ, ಇವೆರಡಕ್ಕೂ ಹೊರತಾಗಿ ಜನರು ಕರೆಯಿಲ್ಲದೆ ಬಂದು ಕಾರಣವಿಲ್ಲದೆ ಕೂಡುವ ಕಾಫಿಯಂಗಡಿ, ಕ್ಷೌರದಂಗಡಿ ಮೊದಲಾದವು ಮೂರನೆಯ ಸ್ಥಾನ ಎಂದು ವಿಂಗಡಿಸಿದ ಮೇಲೆ, ಇಂಥ ಸ್ಥಾನಗಳು ಒಂದೊಂದು ಬಡಾವಣೆಯಲ್ಲಿ ಎಷ್ಟಿವೆ, ಎಷ್ಟು ಜನಕ್ಕೆ ಎಷ್ಟು, ಮನೆಯಿಂದ ನಡೆದರೆ ಎಷ್ಟು ದೂರ ಎಂದು ಗಣಿಸುವ ಉದ್ಯಮವೇ ಬೆಳೆದುಬಂದಿದೆ. ಉದ್ಯಮ ಒಳ್ಳೆಯದೇ. ಆದರೆ ಪುಣೆಯ ಇತಿಹಾಸವನ್ನು ಈ ದೃಷ್ಟಿಯಿಂದ ಓದಿದಾಗ ನನಗೆ ತೋರುವುದು ಇಷ್ಟು: ಊರೊಟ್ಟಿನ ಸ್ಥಳದಲ್ಲಿ ಕೂಡಿದವರ ತಲೆಯೆಣಿಸುವುದಕ್ಕೆ ಮುನ್ನ, ಅದರ ಮೆಟ್ಟಿಲು ಹತ್ತಲಾಗದೆ ದೂರ ನಿಂತವರ ತಲೆಯೆಣಿಸಬೇಕು; ಆ ಎಣಿಕೆಯಿಲ್ಲದ ಅಳತೆ ಅರೆಯಳತೆ. ಇದಕ್ಕೆ ಸಾಕ್ಷಿಯಾಗಿ ನಿಲ್ಲತಕ್ಕವು ಈ ನಗರದ ಹಳೆಯ ನೀರಿನ ಹೌದಗಳು.

ಪುಣೆ ಪುರಾತನವಾದ ಊರು. ಕನ್ನಡಿಗರಿಗೆ ಅದು ಪರಸ್ಥಳವೂ ಅಲ್ಲ. 8ನೆಯ ಶತಮಾನದಲ್ಲಿ ರಾಷ್ಟ್ರಕೂಟ ಒಂದನೆಯ ಕೃಷ್ಣನ ತಾಮ್ರಶಾಸನದಲ್ಲಿ ಪೂನಕ ವಿಷಯವೆಂಬ ನಾಡಿನ ಹೆಸರು ಬಂದಿದೆ, ಜಂಗಲೀ ಮಹಾರಾಜ ರಸ್ತೆಯ ಪಾತಾಳೇಶ್ವರದ ಗುಹಾಲಯವೂ ಆ ಕಾಲದ್ದೆಂದೇ ಪಂಡಿತರ ಮತ. ಆದರೆ ಊರು ನಗರವಾಗಿ ಹಿಗ್ಗಿದುದು ಪೇಶ್ವೆಯವರು ಇಲ್ಲಿ ನೆಲೆನಿಂತ ಮೇಲೆ. ಬಾಜೀರಾಯನು 1732ರಲ್ಲಿ ಶನಿವಾರವಾಡೆಯನ್ನು ಕಟ್ಟಿ ಮುಗಿಸಿದ ತರುವಾಯ ಸರದಾರರೂ ಸಾಹುಕಾರರೂ ಶಾಸ್ತ್ರಿಗಳೂ ಕಸುಬಿನವರೂ ನೆರೆದು, ವಾರಗಳ ಹೆಸರಿನ ಪೇಠಗಳು ಒಂದರ ಮಗ್ಗುಲಿಗೆ ಒಂದಾಗಿ ತುಂಬಿಕೊಂಡವು. ತುಂಬಿದ ಊರಿಗೆ ಮುಠಾ ನದಿಯ ನೀರೂ ಮನೆಮನೆಯ ಬಾವಿಗಳೂ ಸಾಲದೆ ಹೋದಾಗ, ಬಾಜೀರಾಯನ ಮಗ ನಾನಾಸಾಹೇಬ ಪೇಶ್ವೆಯು 1750ರ ಆಸುಪಾಸಿನಲ್ಲಿ, ನಗರಕ್ಕೆ ದಕ್ಷಿಣದಲ್ಲಿ ಐದಾರು ಮೈಲು ದೂರದ ಕಾತ್ರಜದ ಗುಡ್ಡಗಳ ತಪ್ಪಲಲ್ಲಿ ಆಂಬೀಲ ಹಳ್ಳಕ್ಕೆ ಒಡ್ಡು ಕಟ್ಟಿಸಿ, ಅಲ್ಲಿ ನಿಂತ ನೀರನ್ನು ನೆಲದೊಳಗಿನ ಕಲ್ಲುಗಾರೆಯ ಕಾಲುವೆಯ ಮೂಲಕ ಊರಿನ ನಡುವಿಗೆ ತರಿಸಿದನು.

ಆ ಕಾಲುವೆಯ ರಚನೆಯನ್ನು ಸ್ವಲ್ಪ ವಿಸ್ತರಿಸಿ ಹೇಳಿದರೆ ಅನುಚಿತವಾಗದು. ಅದರಲ್ಲಿ ಯಂತ್ರವಿಲ್ಲ, ಎತ್ತಿಲ್ಲ, ಏತವಿಲ್ಲ. ನೆಲದ ಇಳಿಜಾರೊಂದನ್ನೇ ನಂಬಿ ನೀರು ನಡೆದು ಬರುವುದು. ಮನುಷ್ಯನೊಬ್ಬನು ಒಳಹೊಕ್ಕು ಹೂಳು ತೆಗೆಯಬಹುದಾದಷ್ಟು ಎತ್ತರದ ಸುರಂಗ. ನಡುನಡುವೆ ಕೆಸರು ತಳಕ್ಕಿಳಿದು ತಿಳಿನೀರು ಮುಂದೆ ಸಾಗುವಂತೆ ಕಟ್ಟಿದ ಕುಂಡಗಳು. ಒಳಗೆ ಸಿಕ್ಕಿದ ಗಾಳಿ ಹೊರಹೋಗಲೆಂದು ನೆಲದ ಮೇಲಕ್ಕೆ ಎತ್ತಿದ ಉಸಿರುಗಂಬಗಳು. ಊರನ್ನು ಮುಟ್ಟಿದ ಬಳಿಕ ಕವಲೊಡೆದು ಶನಿವಾರವಾಡೆಯ ಕಾರಂಜಿಗಳಿಗೂ ದೊಡ್ಡ ವಾಡೆಗಳ ತೊಟ್ಟಿಗಳಿಗೂ ಹೋಗುವುದು ಒಂದು ಪಾಲು. ಮಿಕ್ಕದ್ದು ಬೀದಿಯ ಹೌದಗಳಿಗೆ. ಬುಧವಾರ ಪೇಠದ ಕಾಳಾ ಹೌದ, ಬಾಹುಲೀ ಹೌದ, ಸದಾಶಿವ ಪೇಠದ ಹೌದ ಎಂದು ಅವುಗಳ ಹೆಸರುಗಳು ಇಂದಿಗೂ ಹಳಬರ ಬಾಯಲ್ಲಿವೆ. ಆ ಶತಮಾನದ ಕೊನೆಗೆ ನಾನಾ ಫಡಣವೀಸನು ನರ್ಹೆ ಆಂಬೇಗಾಂವದ ಕಡೆಯಿಂದ ಮತ್ತೊಂದು ಕಾಲುವೆಯನ್ನು ಸದಾಶಿವ ಪೇಠಕ್ಕೆ ತಂದನು; ರಾಸ್ತೆ ಮನೆತನದವರು ಕೋಂಢವೆಯಿಂದ ತಮ್ಮ ಪೇಠಕ್ಕೆ ಪ್ರತ್ಯೇಕವಾಗಿ ನೀರು ಹರಿಸಿಕೊಂಡರು. ಒಂದೊಂದು ಪೇಠದ ಹಿರಿಮೆಯನ್ನು ಅದರ ಹೌದದಿಂದ ತೂಗುವ ಕಾಲವದು.

ಹೌದವೆಂದರೆ ನೀರು ನಿಲ್ಲುವ ತೊಟ್ಟಿಯಷ್ಟೇ ಎಂದು ಎಣಿಸುವವರು ಉತ್ತರ ಕರ್ನಾಟಕದ ಊರುಗಳ ಸೇದುವ ಬಾವಿಯ ಕಟ್ಟೆಯನ್ನು ಒಮ್ಮೆ ನೆನೆಯಬೇಕು. ನಸುಕಿನಲ್ಲಿ ತಾಮ್ರದ ಕೊಡಗಳ ಸದ್ದಿನೊಡನೆ ಆರಂಭವಾಗಿ, ಹೊತ್ತೇರಿದಂತೆ ತೊಗಲಚೀಲದ ಭಿಸ್ತಿಗಳಿಗೂ ದನಕರುಗಳಿಗೂ ಎಡೆಮಾಡಿಕೊಟ್ಟು, ಸಂಜೆಗೆ ಮತ್ತೆ ಹೆಂಗಸರದೇ ಆಗುವ ಆ ಸ್ಥಳದಲ್ಲಿ, ಹೆರಿಗೆ, ಮದುವೆ, ಅತ್ತೆಯ ಬಿಗುಮಾನ, ತವರಿನ ಸುದ್ದಿ, ಬೆಲೆಯೇರಿಕೆ ಇವೆಲ್ಲ ಕೊಡ ತುಂಬುವಷ್ಟು ಹೊತ್ತಿನಲ್ಲಿ ಒಂದು ಕಿವಿಯಿಂದ ಮತ್ತೊಂದು ಕಿವಿಗೆ ದಾಟುವುವು. ಮನೆಯ ಹೊಸ್ತಿಲು ದಾಟಲು ಕಾರಣ ಬೇಕಾಗಿದ್ದ ಕುಲಸ್ತ್ರೀಯರಿಗೆ ನೀರಿಗಿಂತ ಹೆಚ್ಚಿನ ಕಾರಣ ಯಾವುದಿದ್ದೀತು? ಅವಸರವಿದ್ದವಳಿಗೂ ಸರದಿ ಬರುವ ತನಕ ಕಾಯದೆ ಗತಿಯಿಲ್ಲ; ಆ ಕಾಯುವಿಕೆಯೇ ನೆರೆಹೊರೆಯನ್ನು ಕಟ್ಟಿತು. ನೀರು ನಿಧಾನವಾಗಿ ಬರುವ ಬೇಸಗೆಯಲ್ಲಿ ಪರಿಚಯಗಳು ಬೇಗ ಬೆಳೆದಿರಬೇಕೆಂದೂ, ಜಗಳಗಳೂ ಅಷ್ಟೇ ಬೇಗ ಬೆಳೆದಿರಬೇಕೆಂದೂ ಊಹಿಸಿದರೆ ತಪ್ಪಾಗದು.

ಇಷ್ಟಕ್ಕೇ ನಿಲ್ಲಿಸಿದರೆ ಚಿತ್ರ ಸುಂದರವಾಗಿಯೇ ಇರುವುದು, ಸುಳ್ಳೂ ಆಗಿರುವುದು. ಪೇಶ್ವೆಯವರ ಪುಣೆಯಲ್ಲಿ ಅಸ್ಪೃಶ್ಯರೆನಿಸಿಕೊಂಡವರು ತಮ್ಮ ಹೆಜ್ಜೆಗುರುತನ್ನು ತಾವೇ ಅಳಿಸಿಕೊಂಡು ಹೋಗಲೆಂದು ಸೊಂಟಕ್ಕೆ ಪೊರಕೆಯನ್ನೂ, ಉಗುಳು ನೆಲಕ್ಕೆ ಬೀಳದಿರಲೆಂದು ಕೊರಳಿಗೆ ಮಡಕೆಯನ್ನೂ ಕಟ್ಟಿಕೊಳ್ಳಬೇಕಾಗಿದ್ದಿತೆಂಬುದನ್ನು ಡಾ. ಅಂಬೇಡ್ಕರರು 1936ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ನೆನೆದಿದ್ದಾರೆ. ಬೀದಿಯಲ್ಲಿ ನಡೆಯುವುದೇ ಹೀಗಿದ್ದವರಿಗೆ ಹೌದದ ಮಾತೆಲ್ಲಿ? ಐದಾರು ಮೈಲು ಗುಡ್ಡದಿಂದ ಇಳಿದುಬಂದ ನೀರು ಕೊನೆಯ ನಾಲ್ಕು ಮಾರು ದಾಟಲಾರದೆ ನಿಂತಿತು. ಕಾಲುವೆ ಕಟ್ಟಿದ ಗಾರೆಯವರ, ಕಲ್ಲುಕುಟಿಗರ ಕೌಶಲವನ್ನು ಹೊಗಳುವ ಲೇಖನಗಳು ಮರಾಠಿಯಲ್ಲಿ ಬಹಳವಿವೆ, ಹೊಗಳಿಕೆಗೆ ಅವರು ಅರ್ಹರೂ ಅಹುದು. ಈ ನಾಲ್ಕು ಮಾರಿನ ದೂರವನ್ನು ಅಳೆದವರು ಮಾತ್ರ ವಿರಳ.

ಅಳೆದವನೊಬ್ಬನು ಗಂಜ ಪೇಠದಲ್ಲಿದ್ದನು. ಹೂವಾಡಿಗರ ಮನೆತನದ ಜೋತೀರಾವ ಫುಲೆಯವರು 1848ರಲ್ಲಿ ಬುಧವಾರ ಪೇಠದ ಭಿಡೆಯವರ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದು, ಪತ್ನಿ ಸಾವಿತ್ರೀಬಾಯಿಯವರನ್ನು ಅಲ್ಲಿ ಅಧ್ಯಾಪಿಕೆಯನ್ನಾಗಿ ಮಾಡಿ, ಊರಿನ ನಿಂದೆಯನ್ನೂ ತಂದೆಯ ಮನೆಯಿಂದ ನಿರ್ಗಮನವನ್ನೂ ಪಡೆದಿದ್ದರು. ಇಪ್ಪತ್ತು ವರ್ಷಗಳ ತರುವಾಯ, 1868ರಲ್ಲಿ, ಅವರು ತಮ್ಮ ಸ್ವಂತ ಮನೆಯ ಹೌದವನ್ನು ಅಸ್ಪೃಶ್ಯರಿಗೆ ತೆರೆದರು. ಸಭೆ ಕರೆದು ಠರಾವು ಮಾಡುವ ಪುಣೆಯ ಪದ್ಧತಿಯಂತೆ ಇದು ನಡೆಯಲಿಲ್ಲ. ಬೇಕಾದವರು ಬಂದು ನೀರು ಸೇದಿಕೊಳ್ಳಿರಿ ಎಂದದ್ದಷ್ಟೆ. ಕಾತ್ರಜದ ಕಾಲುವೆಯ ಮುಂದೆ ಆ ಮನೆಯ ತೊಟ್ಟಿ ಎಷ್ಟರದು! ವಿಸ್ತಾರದ ಲೆಕ್ಕದಲ್ಲಿ ಅದು ಪಟ್ಟಿಯ ಕೊನೆಗೂ ಬಾರದು. ಆದರೂ ಸಾರ್ವಜನಿಕವೆಂಬ ವಿಶೇಷಣಕ್ಕೆ ಪುಣೆಯಲ್ಲಿ ಮೊತ್ತಮೊದಲು ಪೂರ್ಣವಾಗಿ ಯೋಗ್ಯವಾದ ನೀರು ಒಬ್ಬ ಖಾಸಗಿ ಗೃಹಸ್ಥನ ಅಂಗಳದಲ್ಲಿ ಇದ್ದಿತೆಂಬುದು ನಗರಸಭೆಗಳ ಇತಿಹಾಸಕಾರರು ನಿಂತು ಯೋಚಿಸತಕ್ಕ ಸಂಗತಿ. ಸರ್ಕಾರದ ಕಡತದಲ್ಲಿ ಈ ಮಾತು ಬರಲು ಮತ್ತೆ ಐವತ್ತೈದು ವರ್ಷಗಳು ಬೇಕಾದವು: 1923ರಲ್ಲಿ ಬೋಲೆ ಎಂಬ ಸದಸ್ಯರು ತಂದ ಠರಾವನ್ನು ಮುಂಬಯಿ ವಿಧಾನ ಪರಿಷತ್ತು ಅಂಗೀಕರಿಸಿ, ಸರ್ಕಾರೀ ವೆಚ್ಚದ ಕೆರೆ, ಬಾವಿ, ಧರ್ಮಶಾಲೆಗಳು ಎಲ್ಲರಿಗೂ ತೆರೆದಿರತಕ್ಕವೆಂದಿತು, ಅದನ್ನು ಕಾಗದದಿಂದ ನೀರಿಗಿಳಿಸಲು 1927ರ ಮಾರ್ಚಿಯಲ್ಲಿ ಅಂಬೇಡ್ಕರರು ಮಹಾಡದ ಚವದಾರ ಕೆರೆಗೆ ಸಾವಿರಾರು ಜನರೊಡನೆ ನಡೆಯಬೇಕಾಯಿತು.

ಪುಣೆಯವರು ಠರಾವುಗಳಲ್ಲಿ ನಿಷ್ಣಾತರೆಂದೆನಷ್ಟೆ. ಆ ನೈಪುಣ್ಯದ ಮೊದಲ ದೊಡ್ಡ ಫಲ ಸಾರ್ವಜನಿಕ ಸಭೆ. ನಗರದ ನೈಋತ್ಯಕ್ಕಿರುವ ಪರ್ವತಿಯ ಗುಡ್ಡದ ಮೇಲೆ ನಾನಾಸಾಹೇಬನು ಕಟ್ಟಿಸಿದ ದೇವಸ್ಥಾನದ ಆಡಳಿತ ಸರಿಯಾಗಿಲ್ಲವೆಂಬ ಅಸಮಾಧಾನದಿಂದ ಹುಟ್ಟಿ, 1870ರ ಏಪ್ರಿಲ್ 2ರಂದು ಗಣೇಶ ವಾಸುದೇವ ಜೋಶಿಯವರ ಮುಂದಾಳುತನದಲ್ಲಿ ಸ್ಥಾಪಿತವಾದ ಈ ಸಭೆಯ ನಿಯಮಗಳಲ್ಲಿ ಒಂದು ಅತ್ಯಂತ ಗಮನಾರ್ಹವಾದುದು. ಸಭೆಯ ಸದಸ್ಯನಾಗಬೇಕೆಂಬವನು ಚಂದಾ ಕೊಟ್ಟರಾಗದು, ವಿದ್ವತ್ತು ತೋರಿದರಾಗದು. ಕಡಿಮೆಯೆಂದರೆ ಐವತ್ತು ಜನ ವಯಸ್ಕರು ರುಜುಹಾಕಿ, ಇವನು ನಮ್ಮ ಪರವಾಗಿ ಮಾತನಾಡಬಲ್ಲನು ಎಂದು ಕೊಟ್ಟ ಮುಖತ್ಯಾರನಾಮೆಯನ್ನು ತರಬೇಕು. ಹೀಗೆ ಸುಮಾರು 6,000 ಜನರ ರುಜುಗಳನ್ನು ಹೊತ್ತು 95 ಜನರು ಸದಸ್ಯರಾದರು. ನೆರೆಹೊರೆಯ ನಂಟಿಗೆ ಭಾರತದಲ್ಲಿ ಯಾರಾದರೂ ಮಾಪಕವೊಂದನ್ನು ನಿರ್ಮಿಸಿದ್ದರೆ ಈ ಐವತ್ತು ರುಜುಗಳ ನಿಯಮವೇ ಆ ಮಾಪಕ. ಐವತ್ತು ರುಜು ಬೇಕಾದರೆ ಐವತ್ತು ಬಾಗಿಲುಗಳನ್ನು ತಟ್ಟಬೇಕು. ತಟ್ಟಿದ ಬಾಗಿಲು ತೆರೆಯಬೇಕಾದರೆ ಮುಖಪರಿಚಯವಿರಬೇಕು. ಪರಿಚಯವಿರಬೇಕಾದರೆ ಯಾವುದೋ ಕಟ್ಟೆಯ ಮೇಲೆ, ಯಾವುದೋ ಮಾರುತಿಯ ಗುಡಿಯೆದುರು ಹಿಂದೆಂದೋ ಕೂಡಿ ಕುಳಿತಿರಬೇಕು.

ಸಭೆಯು ಮುಂದೆ ಮಹಾದೇವ ಗೋವಿಂದ ರಾನಡೆಯವರ ಪ್ರೇರಣೆಯಿಂದ ರೈತರ ಸ್ಥಿತಿಗತಿಗಳನ್ನೂ, 1876ರಲ್ಲಿ ಆರಂಭವಾದ ಘೋರ ಕ್ಷಾಮವನ್ನೂ ಊರೂರಿನಿಂದ ವಿವರ ತರಿಸಿ ಲೆಕ್ಕಹಾಕಿದುದು ಬೇರೊಂದು ಉಜ್ವಲವಾದ ಕಥೆ. ಇಲ್ಲಿ ನೆನೆಯಬೇಕಾದುದು ಇನ್ನೊಂದು. ಯಾವ ಪರ್ವತಿಯ ಆಡಳಿತವನ್ನು ತಿದ್ದಬೇಕೆಂದು ಈ 6,000 ಜನರು ರುಜುಹಾಕಿದರೋ, ಅದೇ ಪರ್ವತಿಯ ಮೆಟ್ಟಿಲುಗಳನ್ನು ಹತ್ತಿ ದರ್ಶನ ಪಡೆಯಲು ಶಿವರಾಮ ಜಾನಬಾ ಕಾಂಬಳೆಯವರೇ ಮೊದಲಾದ ದಲಿತ ಮುಖಂಡರು 1929ರಲ್ಲಿ ಸತ್ಯಾಗ್ರಹ ಹೂಡಬೇಕಾಯಿತು. ಏರಿದವರಿಗೆ ಕಲ್ಲಿನ ಸ್ವಾಗತ ದೊರೆಯಿತು. ಐವತ್ತೊಂಬತ್ತು ವರ್ಷಗಳ ಅಂತರದಲ್ಲಿ ಒಂದೇ ಗುಡ್ಡವು ಎರಡು ಬಗೆಯ ಲೆಕ್ಕಗಳಿಗೆ ಆಧಾರವಾದುದು ಹೀಗೆ.

19ನೆಯ ಶತಮಾನದ ಪುಣೆಯಲ್ಲಿ ಕೂಡುವ ಸ್ಥಳಗಳಿಗೆ ಬರವಿರಲಿಲ್ಲ. 1848ರ ಗ್ರಂಥಾಲಯವೊಂದು ಇಂದು ನಗರ ವಾಚನ ಮಂದಿರವೆಂದು ಹೆಸರಾಗಿದೆ. 1875ರಲ್ಲಿ ರಾನಡೆಯವರು ಆರಂಭಿಸಿದ ವಸಂತ ವ್ಯಾಖ್ಯಾನಮಾಲೆ ಬೇಸಗೆಯ ಸಂಜೆಗಳನ್ನು ಭಾಷಣಗಳಿಂದ ತಂಪಾಗಿಸಿತು, ಅಥವಾ ಕೆಲವು ಸಲ ಬಿಸಿಯಾಗಿಸಿತು. ಬುಧವಾರ ಪೇಠದ ಆನಂದೋದ್ಭವ ನಾಟಕಗೃಹದಲ್ಲಿ 1880ರ ಅಕ್ಟೋಬರ್ 31ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು ಸಂಗೀತ ಶಾಕುಂತಲವನ್ನು ಆಡಿಸಿ ಮರಾಠೀ ರಂಗಭೂಮಿಯ ಹೊಸ ಯುಗವನ್ನು ತೆರೆದರು. ವಿದ್ಯಾರ್ಥಿಯಾಗಿ ಫರ್ಗ್ಯುಸನ್ ಕಾಲೇಜಿಗೆ ಹೋದ ಆಲೂರ ವೆಂಕಟರಾಯರಂಥವರು ಈ ಸಭೆ, ವ್ಯಾಖ್ಯಾನ, ಉತ್ಸವಗಳ ಗಾಳಿಯನ್ನು ಹೊತ್ತು ಧಾರವಾಡಕ್ಕೆ ಮರಳಿದರೆಂಬುದು ನಮಗೆಲ್ಲ ತಿಳಿದ ವಿಷಯ. ತರಕಾರಿಯ ಸಂತೆ ಅಲ್ಲಿಯವರೆಗೆ ಶನಿವಾರವಾಡೆಯ ಮುಂದಣ ಬಯಲಿನಲ್ಲಿ ಕೂಡುತ್ತಿದ್ದಿತು. 1886ರಲ್ಲಿ ಅದಕ್ಕೆ ಗೋಪುರವುಳ್ಳ ಕಲ್ಲಿನ ಮಂಡಯಿಯನ್ನು ಕಟ್ಟಿ ಗವರ್ನರ್ ರೇ ಸಾಹೇಬನ ಹೆಸರಿಟ್ಟರು. ನಗರಸಭೆಯ ಸದಸ್ಯರಾಗಿದ್ದ ಕಾಲದಲ್ಲಿ ಫುಲೆಯವರು ಆ ವೆಚ್ಚವನ್ನು ವಿರೋಧಿಸಿ, ಹಣ ಬಡವರ ವಿದ್ಯಾಭ್ಯಾಸಕ್ಕೆ ಹೋಗಲೆಂದಿದ್ದರು. ವಿಧಿಯ ವಿನೋದವೆಂದರೆ 1938ರಲ್ಲಿ ರೇ ಸಾಹೇಬನ ಹೆಸರು ಅಳಿದು ಆ ಮಂಡಯಿ ಮಹಾತ್ಮಾ ಫುಲೆಯವರದೇ ಆಯಿತು. ಅದರ ಛಾವಣಿಯ ಕೆಳಗೆ ಯಾವ ಜಾತಿಯ ಬುಟ್ಟಿ ಯಾವ ಜಾತಿಯ ಚೀಲವನ್ನು ಮುಟ್ಟಿತೆಂದು ಕೇಳುವ ವ್ಯವಧಾನ ಯಾರಿಗೂ ಇರಲಾರದಾದುದರಿಂದ, ಹೆಸರು ಸಂದದ್ದು ಸರಿಯಾಗಿಯೇ ಸಂದಿತೆಂದು ನನ್ನ ಅಭಿಪ್ರಾಯ.

ಅಷ್ಟರಲ್ಲಿ ಹೌದಗಳ ಭಾಗ್ಯ ಇಳಿಮುಖವಾಗಿದ್ದಿತು. ಖಡಕವಾಸಲೆಯಲ್ಲಿ ಮುಠಾ ನದಿಗೆ ಕಟ್ಟಿದ ಅಣೆಕಟ್ಟು 1880ರ ಸುಮಾರಿಗೆ ಮುಗಿದು, ಕಬ್ಬಿಣದ ಕೊಳವೆಗಳು ಪೇಠಗಳನ್ನು ಹೊಕ್ಕವು. ಮೊದಲು ಬೀದಿಯ ಮೂಲೆಯ ನಳ, ಆಮೇಲೆ ವಾಡೆಯ ಚೌಕದ ನಳ, ಕಡೆಗೆ ಅಡುಗೆಮನೆಯ ನಳ. ನೀರು ಒಂದೊಂದು ಹೆಜ್ಜೆ ಒಳಗೆ ಬಂದಂತೆ ನೆರೆಯವಳು ಒಂದೊಂದು ಹೆಜ್ಜೆ ದೂರ ಸರಿದಳು. ಇದನ್ನು ಕಂಡು ಹೌದದ ಕಾಲಕ್ಕಾಗಿ ನಿಟ್ಟುಸಿರಿಡುವ ಬರವಣಿಗೆ ನನಗೆ ಸಮ್ಮತವಲ್ಲ; ಕೊಡ ಹೊತ್ತವಳ ಸೊಂಟವನ್ನು ಕೇಳದೆ ಹಾಕುವ ನಿಟ್ಟುಸಿರದು. ಮೇಲಾಗಿ ಕೊಳವೆಯ ನೀರಿಗೆ ಜಾತಿಯನ್ನು ವಿಚಾರಿಸುವ ಅಭ್ಯಾಸ ಕಡಿಮೆ.

ಇನ್ನು ಅಳತೆಯ ಕ್ರೂರವಾದ ರೂಪವನ್ನೂ ಪುಣೆ ಕಂಡಿತು. 1897ರಲ್ಲಿ ಪ್ಲೇಗು ಹಬ್ಬಿದಾಗ ರ‍್ಯಾಂಡ್ ಸಾಹೇಬನ ಮುಂದಾಳುತನದ ಸಮಿತಿಯು ಸಿಪಾಯಿಗಳನ್ನು ಮನೆಮನೆಗೆ ನುಗ್ಗಿಸಿ, ರೋಗಿಗಳನ್ನು ಎಣಿಸಿ, ಶಂಕಿತರನ್ನು ಶಿಬಿರಕ್ಕೆ ಸಾಗಿಸಿ, ದೇವರ ಮನೆ ಅಡುಗೆಮನೆಗಳ ಭೇದವಿಲ್ಲದೆ ನೆಲ ಅಗೆಸಿತು. ಜೂನ್ 22ರ ರಾತ್ರಿ ಚಾಫೇಕರ ಸಹೋದರರ ಗುಂಡಿಗೆ ರ‍್ಯಾಂಡ್ ಗುರಿಯಾದನು. ಆ ಎಣಿಕೆಯಲ್ಲಿ ನೆರೆಯವನು ರೋಗದ ಸುಳಿವು ಕೊಡುವ ಸಾಕ್ಷಿಯಾದನೇ ಹೊರತು ನೆರೆಯವನಾಗಿ ಉಳಿಯಲಿಲ್ಲ. ಅದೇ ವರ್ಷದ ಮಾರ್ಚಿ 10ರಂದು ಸಾವಿತ್ರೀಬಾಯಿ ಫುಲೆಯವರು ತೀರಿಕೊಂಡರು. ಪ್ಲೇಗು ತಗುಲಿದ ದಲಿತ ಬಾಲಕನೊಬ್ಬನನ್ನು ಮಗನ ಚಿಕಿತ್ಸಾಲಯಕ್ಕೆ ಎತ್ತಿ ತಂದು ತಾವೂ ರೋಗಕ್ಕೆ ತುತ್ತಾದರು.

ಗಣೇಶೋತ್ಸವದ ಮಾತೆತ್ತದೆ ಪುಣೆಯ ಕೂಟಗಳ ಕಥೆ ಪೂರ್ಣವಾಗದು. ಸಾರ್ವಜನಿಕ ಗಣಪತಿಯನ್ನು ಮೊದಲು ಕೂಡಿಸಿದವರು ಭಾವೂಸಾಹೇಬ ರಂಗಾರಿಗಳೋ, 1893ರಲ್ಲಿ ಅದಕ್ಕೆ ರಾಷ್ಟ್ರೀಯ ರೂಪ ಕೊಟ್ಟ ಲೋಕಮಾನ್ಯ ತಿಲಕರೋ ಎಂಬ ವಿವಾದ ಇನ್ನೂ ಆರಿಲ್ಲ. ಆರಬೇಕೆಂಬ ಆಸೆಯೂ ಪುಣೆಯವರಿಗೆ ಇದ್ದಂತಿಲ್ಲ. ಉತ್ಸವಕ್ಕೆ ನೆಲೆಯಾದುದು ಪೇಠಪೇಠದ ತಾಲೀಮುಗಳು, ಎಂದರೆ ಗರಡಿಮನೆಗಳು. ಗುರೂಜೀ ತಾಲೀಮಿನ ಗಣಪತಿಯನ್ನು 1887ರಲ್ಲಿಯೇ ಹಿಂದೂ ಮುಸಲ್ಮಾನ ಪೈಲವಾನರು ಕೂಡಿ ಸ್ಥಾಪಿಸಿದರೆಂದು ಆ ಮಂಡಳಿಯವರು ಹೇಳುತ್ತ ಬಂದಿದ್ದಾರೆ. ಅತ್ತ, 1893ರ ಮುಂಬಯಿಯ ಗಲಭೆಯ ತರುವಾಯ, ಅಲ್ಲಿಯವರೆಗೆ ಮೊಹರಮ್ಮಿನ ತಾಬೂತುಗಳಿಗೆ ಹೆಗಲು ಕೊಡುತ್ತಿದ್ದ ಹಿಂದುಗಳು ಅದನ್ನು ಬಿಡಬೇಕೆಂಬ ಕರೆ ಹೊರಟು, ಗಣೇಶೋತ್ಸವವು ಆ ತೆರವನ್ನು ತುಂಬಿತೆಂಬುದೂ ಇತಿಹಾಸವೇ. ಒಂದು ಚಪ್ಪರದ ಕೆಳಗೆ ಬ್ರಾಹ್ಮಣನನ್ನೂ ಮಾಳಿಯನ್ನೂ ಮರಾಠನನ್ನೂ ಕೂಡಿಸಿದ ಉತ್ಸವ ಮತ್ತೊಬ್ಬ ನೆರೆಯವನನ್ನು ಚಪ್ಪರದಾಚೆ ಇಟ್ಟಿತು. ಮಂಡಳಿಗಳ ಸಂಖ್ಯೆಯನ್ನಷ್ಟೇ ನೋಡಿ ಊರಿನ ಒಕ್ಕಟ್ಟು ಬೆಳೆಯಿತೆನ್ನುವವನು ಈ ಕಳೆಯುವ ಲೆಕ್ಕವನ್ನೂ ಮಾಡಬೇಕಾಗುವುದು.

ಶಾಸ್ತ್ರೀಯವಾದ ಸಮೀಕ್ಷೆ ಬಂದುದು ಬಹಳ ತಡವಾಗಿ. 1930ರಲ್ಲಿ ಸ್ಥಾಪಿತವಾದ ಗೋಖಲೆ ಅರ್ಥಶಾಸ್ತ್ರ ಸಂಸ್ಥೆಯ ಮೊದಲ ನಿರ್ದೇಶಕರಾದ ಧನಂಜಯರಾವ ಗಾಡಗೀಳರು 1936-37ರಲ್ಲಿ ಪುಣೆಯ ಮನೆಗಳಿಂದ ಮಾದರಿಗಳನ್ನು ಆಯ್ದು, ತನಿಖೆದಾರರನ್ನು ಪೇಠಪೇಠಕ್ಕೆ ಕಳುಹಿಸಿ, ಯಾರು ಯಾವ ಕಸುಬಿನವರು, ಎಲ್ಲಿಂದ ಬಂದವರು, ಎಷ್ಟು ಗಳಿಸುವರು, ಎಂಥ ಮನೆಯಲ್ಲಿರುವರು ಎಂಬುದನ್ನೆಲ್ಲ ಕೇಳಿ ಬರೆಸಿದರು. ಅದರ ಫಲವಾದ ಗ್ರಂಥದ ಆರ್ಥಿಕ ಭಾಗ 1945ರಲ್ಲಿಯೂ ಎರಡನೆಯ ಭಾಗ 1952ರಲ್ಲಿಯೂ ಅಚ್ಚಾದವು. 1956ರಲ್ಲಿ ಸೋವನಿ ಮೊದಲಾದವರು ಮರುಸಮೀಕ್ಷೆಯನ್ನು ಪ್ರಕಟಿಸಿದರು. ಲಂಡನ್ನಿನಲ್ಲಿ ಚಾರ್ಲ್ಸ್ ಬೂತ್, ಯಾರ್ಕಿನಲ್ಲಿ ರೌಂಟ್ರೀ ಮಾಡಿದ ಕೆಲಸಗಳ ಪಂಕ್ತಿಯಲ್ಲಿ ಸಂಕೋಚವಿಲ್ಲದೆ ಇಡಬಹುದಾದ ಕೃತಿ ಅದು. ಭಾರತದ ನಗರವೊಂದು ತನ್ನನ್ನು ತಾನೇ ಕಣ್ತೆರೆದು ನೋಡಿಕೊಂಡ ಮೊದಲ ಸಂದರ್ಭಗಳಲ್ಲಿ ಇದೊಂದು.

ಆದರೂ ಗಾಡಗೀಳರ ಮೂಲಮಾನ ಕುಟುಂಬ. ಕುಟುಂಬವನ್ನು ಮೂಲಮಾನವಾಗಿ ಹಿಡಿದಾಗ ಎರಡು ಕುಟುಂಬಗಳ ನಡುವಿನದು ಕೋಷ್ಟಕದ ಗೆರೆಗಳಲ್ಲಿ ಜಾರಿಹೋಗುವುದು ಸ್ವಾಭಾವಿಕ. ಆ ನಡುವಿನದನ್ನು ಹಿಡಿಯಲು ಕೈಹಾಕಿದವರು ಡೆಕ್ಕನ್ ಕಾಲೇಜಿನ ಇರಾವತೀ ಕರ್ವೆಯವರು. ಪುಣೆಯ ಬೀದಿಗಳಲ್ಲಿ ಮೊದಲು ಸ್ಕೂಟರ್ ಓಡಿಸಿದ ಮಹಿಳೆಯೆಂದು ಜನ ನೆನೆಯುವ ಈ ಧೀಮಂತ ವಿದುಷಿ, ದಾಮಲೆಯವರೊಡಗೂಡಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಶ್ಚಿಮ ಮಹಾರಾಷ್ಟ್ರದ ಹಳ್ಳಿಗಳಲ್ಲಿ ರಕ್ತಸಂಬಂಧ, ಜಾತಿ, ವಾಸದ ನೆಲೆ ಈ ಮೂರರಲ್ಲಿ ಮನುಷ್ಯನನ್ನು ಮನುಷ್ಯನಿಗೆ ಹತ್ತಿರ ತರುವುದು ಯಾವುದೆಂದು ಪ್ರಶ್ನಿಸಿದರು. ಪ್ರಶ್ನೆ ಹಳ್ಳಿಗೆ ಹೋಯಿತು. ಅದನ್ನೇ ಸದಾಶಿವ ಪೇಠದ ಒಂದು ವಾಡೆಯ ಎದುರು ನಿಂತು ಕೇಳಿದ್ದರೆ ಎಷ್ಟು ಚೆನ್ನಾಗಿದ್ದಿತು! ಏಕೆಂದರೆ ವಾಡೆ ಎಂಬುದು ಓಲ್ಡನ್‌ಬರ್ಗರ ಮೂರು ಸ್ಥಾನಗಳಲ್ಲಿ ಯಾವುದಕ್ಕೂ ಒಗ್ಗದು. ಒಂದು ಕಾಲಕ್ಕೆ ಒಬ್ಬ ಸರದಾರನದಾಗಿದ್ದು ಕ್ರಮೇಣ ಹತ್ತಾರು ಬಾಡಿಗೆದಾರರ ಆಶ್ರಯವಾದ ಆ ಕಟ್ಟಡದಲ್ಲಿ, ದಿಡ್ಡಿಬಾಗಿಲ ಒಳಗಿನ ಚೌಕ ಯಾರದೂ ಅಲ್ಲದ, ಎಲ್ಲರದೂ ಆದ ನೆಲ. ಅಲ್ಲಿಯೇ ತುಳಸಿ, ಅಲ್ಲಿಯೇ ನಳ, ಅಲ್ಲಿಯೇ ಹಪ್ಪಳದ ಒಣಗು, ಮಕ್ಕಳ ಆಟ, ಹಿರಿಯರ ತಕರಾರು. ಪ್ರತಿಯೊಂದು ಬಾಗಿಲಿಗೂ ಚುಚ್ಚುಮಾತಿನ ಫಲಕ ಹಚ್ಚುವ ಪುಣೇರಿಗಳ ಪ್ರಸಿದ್ಧ ಪದ್ಧತಿ ಹುಟ್ಟಿದುದಕ್ಕೂ ಈ ಅತಿಸಾಮೀಪ್ಯವೇ ಕಾರಣವಿರಬೇಕು. ದೂರದವನಿಗೆ ಯಾರೂ ಅಷ್ಟು ಶ್ರಮಪಟ್ಟು ಬರೆಯರು.

ವಾಡೆಗಳು ಕ್ಷೀಣಿಸಿದವು. 1947ರ ಮುಂಬಯಿ ಬಾಡಿಗೆ ಕಾಯಿದೆಯಿಂದ ಬಾಡಿಗೆ ಹೆಪ್ಪುಗಟ್ಟಿ, ಮಾಲಿಕನಿಗೆ ದುರಸ್ತಿಯ ಉಮೇದು ಉಳಿಯಲಿಲ್ಲ, ಬಾಡಿಗೆದಾರನಿಗೆ ಬಿಟ್ಟುಹೋಗುವ ಕಾರಣ ಉಳಿಯಲಿಲ್ಲ. ಮೇಲೆ 1961ರ ಜುಲೈ 12ರ ಪ್ರಳಯ. ಕಟ್ಟುತ್ತಿದ್ದ ಪಾನಶೇತದ ಅಣೆಕಟ್ಟು ಒಡೆದು, ಅದರ ರಭಸಕ್ಕೆ ಖಡಕವಾಸಲೆಯೂ ಬಾಯ್ದೆರೆದು, ನದಿದಂಡೆಯ ನಾರಾಯಣ, ಶನಿವಾರ, ಕಸಬಾ ಪೇಠಗಳ ಮಣ್ಣುಗೋಡೆಯ ಮನೆಗಳು ಕುಸಿದವು. ಆ ಹಗಲು ಯಾರು ಯಾರನ್ನು ಮಾಳಿಗೆಗೆ ಎಳೆದುಕೊಂಡರು, ಯಾವ ಗರಡಿಯ ಹುಡುಗರು ಯಾವ ಓಣಿಗೆ ಹಗ್ಗ ತಂದರು ಎಂಬ ಕಥೆಗಳು ಹಳೆಯ ಕುಟುಂಬಗಳಲ್ಲಿ ಇನ್ನೂ ಕೇಳಿಬರುವುವು. ಯಾವ ಓಣಿಯಲ್ಲಿ ನಂಟು ಎಷ್ಟು ಗಟ್ಟಿಯಿದ್ದಿತೆಂಬುದಕ್ಕೆ ಅಂಥ ಪರೀಕ್ಷೆ ಮತ್ತೊಂದಿಲ್ಲ; ಯಾವ ಸಮೀಕ್ಷಕನೂ ಬಯಸತಕ್ಕ ಪರೀಕ್ಷೆಯೂ ಅದಲ್ಲ. ಸಂತ್ರಸ್ತರನ್ನು ಸಹಕಾರನಗರ, ಗೋಖಲೆನಗರ ಮೊದಲಾದ ಹೊಸ ವಸತಿಗಳಿಗೆ ಕಳುಹಿಸಿದಾಗ ಅವರಿಗೆ ಮನೆ ದೊರೆಯಿತು, ಸೊಸಾಯಿಟಿಗಳು ದೊರೆತವು. ಹಳೆಯ ಚೌಕದ ಹತ್ತು ಮನೆಗಳು ಹತ್ತು ದಿಕ್ಕಾದವು.

ಆ ವೇಳೆಗೆ ನಗರದ ಪಶ್ಚಿಮದಲ್ಲಿ ಬೇರೆ ಬಗೆಯ ಕಟ್ಟೆಗಳು ಎದ್ದಿದ್ದವು, ಅವುಗಳಲ್ಲಿ ಕನ್ನಡ ನಾಡಿನವರ ಪಾಲು ಸಣ್ಣದಲ್ಲ. ಫರ್ಗ್ಯುಸನ್ ಕಾಲೇಜಿನ ರಸ್ತೆಯಲ್ಲಿ ಇರಾನಿಯವರ ಗುಡ್‌ಲಕ್ 1935ರಿಂದಲೂ ಬನ್ನು ಬೆಣ್ಣೆ ಚಹಾದೊಡನೆ ಹರಟೆಗೆ ಎಡೆಗೊಟ್ಟಿದ್ದರೆ, ಶತಮಾನದ ಮಧ್ಯದಲ್ಲಿ ತುಳುನಾಡಿನ ಕಡೆಯಿಂದ ಬಂದ ಜಗನ್ನಾಥ ಶೆಟ್ಟರು ಕಟ್ಟಿ ಬೆಳೆಸಿದ ರೂಪಾಲಿ, ವೈಶಾಲಿಗಳು ಇಡ್ಲಿ ದೋಸೆ ಕಾಫಿಗಳನ್ನು ಪುಣೆಯ ಮಾತುಕತೆಯ ಅಂಗವಾಗಿಸಿದವು. ತಲೆಮಾರು ತಲೆಮಾರು ವಿದ್ಯಾರ್ಥಿಗಳೂ ನಿವೃತ್ತರೂ ನಾಟಕದವರೂ ತಮ್ಮತಮ್ಮ ಮೇಜುಗಳನ್ನು ವತನವೆಂಬಂತೆ ಅನುಭವಿಸಿದ ಸ್ಥಳಗಳಿವು. ಎರಂಡವಣೆಯಲ್ಲಿ ಕನ್ನಡ ಸಂಘವೂ ಅದು ನಡೆಸುವ ಶಾಲೆಗಳೂ ವಲಸೆ ಬಂದ ಕುಟುಂಬಗಳಿಗೆ ಊರಿನ ಅರಳಿಕಟ್ಟೆಯ ಬದಲಾದವು. ಹೋಟೆಲಿನ ಬಾಗಿಲಲ್ಲಿ ಜಾತಿಯನ್ನು ಕೇಳುವವರಿಲ್ಲ, ದುಡ್ಡನ್ನು ಕೇಳುವರು. ಹೌದದೊಡನೆ ಹೋಲಿಸಿದರೆ ಒಂದು ಬಾಗಿಲು ತೆರೆಯಿತು, ಮತ್ತೊಂದು ಅರ್ಧ ಮುಚ್ಚಿತು.

ಕೊನೆಯದಾಗಿ ಸವಾಯಿ ಗಂಧರ್ವ ಮಹೋತ್ಸವ. ಕುಂದಗೋಳದ ರಾಮಭಾವೂ, ಎಂದರೆ ಸವಾಯಿ ಗಂಧರ್ವರು, 1952ರಲ್ಲಿ ಪುಣೆಯಲ್ಲಿ ತೀರಿಕೊಂಡ ಮರುವರ್ಷ, ಶಿಷ್ಯರಾದ ಗದುಗಿನ ಭೀಮಸೇನ ಜೋಶಿಯವರು ಗುರುವಿನ ಸ್ಮರಣೆಗೆಂದು ಆರಂಭಿಸಿದ ಈ ಸಂಗೀತೋತ್ಸವ, ಬಹುಕಾಲ ರಮಣಬಾಗಿನ ಶಾಲೆಯ ಬಯಲಿನಲ್ಲಿ ಡಿಸೆಂಬರಿನ ಚಳಿಯಲ್ಲಿ ರಾತ್ರಿಯಿಡೀ ನಡೆಯುತ್ತಿದ್ದಿತು. ಮುಂಭಾಗದ ಕುರ್ಚಿಗಳಿಗೆ ಬೆಲೆ ಹೆಚ್ಚು. ಹಿಂಭಾಗದ ಭಾರತೀಯ ಬೈಠಕಿಗೆ ಅಗ್ಗದ ಚೀಟಿ, ಚಾಪೆ ಕಂಬಳಿಗಳು ಕೇಳುಗನವೇ. ಅಲ್ಲಿ ಪ್ರತಿವರ್ಷವೂ ಅದೇ ಕಂಬದ ಬಳಿ ಅದೇ ಮುಖಗಳನ್ನು ಕಂಡು, ಹೆಸರು ಕೇಳದೆಯೇ ಡಬ್ಬಿಯ ಚಕ್ಕುಲಿ ಹಂಚಿಕೊಂಡು, ಬೆಳಗಿನ ಭೈರವಿಯ ತರುವಾಯ ಮುಂದಿನ ವರ್ಷಕ್ಕೆ ಬೀಳ್ಕೊಂಡವರು ಅದೆಷ್ಟೋ ಮಂದಿ. ಶಬ್ದದ ಕಾಯಿದೆಯಿಂದ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕಾಗಿ ಬಂದ ಮೇಲೆ ಕಛೇರಿಗಳು ಹಗಲಿಗೆ ಸರಿದವು; 2018ರಲ್ಲಿ ಉತ್ಸವ ರಮಣಬಾಗನ್ನು ಬಿಟ್ಟು ಮುಕುಂದನಗರದ ವಿಶಾಲವಾದ ಮೈದಾನಕ್ಕೆ ಹೋಯಿತು. ಹೊಸ ಮೈದಾನದಲ್ಲಿ ಕುರ್ಚಿಗಳು ಎಷ್ಟು, ವಾಹನ ನಿಲ್ಲಿಸಲು ಎಡೆ ಎಷ್ಟು ಎಂಬುದಕ್ಕೆ ವ್ಯವಸ್ಥಾಪಕರಲ್ಲಿ ಖಚಿತವಾದ ಲೆಕ್ಕವಿರುವುದು. ಬೈಠಕಿನವರು ಮಾತ್ರ ಮೊದಲ ದಿನವೇ ಬೇಗ ಬಂದು, ಹಳೆಯ ಕಂಬದವರನ್ನು ಹುಡುಕಿಕೊಂಡು ಚಾಪೆ ಹಾಸುವುದನ್ನು ಬಿಟ್ಟಿಲ್ಲ.